ಎರಡನೇ ಸಲದ ವಾಲ್ವ್

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಎಷ್ಟೋ ವರ್ಷದ ಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಕಾಗದದ ಮೇಲೆ ನಾಲ್ಕೂ ಒಂದೇ ಜಿಲ್ಲೆ. ಎದೆ ಹಿಡಿದುಕೊಂಡಾಗ ಮಾತ್ರ ಒಂದೊಂದು ಊರು ಒಂದೊಂದು ದಿಕ್ಕಿಗೆ ಓಡುತ್ತದೆ. ನ್ಯಾಮತಿ, ಹೊನ್ನಾಳಿಯ ಎಷ್ಟೋ ಜನ ಇವತ್ತಿಗೂ ಶಿವಮೊಗ್ಗದ ಬಸ್ಸನ್ನೇ ಹತ್ತುತ್ತಾರೆ. ಚನ್ನಗಿರಿಯವರು ಎರಡೂ ಕಡೆ ವಿಚಾರಿಸುತ್ತಾರೆ. ಜಗಳೂರಿನವರು ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗುತ್ತಾರೆ. ಹೃದಯ ತೆರೆದು ಆಪರೇಷನ್ ಮಾಡುವ ವ್ಯವಸ್ಥೆ ನಾಲ್ಕು ತಾಲ್ಲೂಕುಗಳಲ್ಲಿ ಒಂದರಲ್ಲೂ ಇಲ್ಲ. ಅದಕ್ಕೆ ದಾವಣಗೆರೆ ಇಲ್ಲವೇ ಶಿವಮೊಗ್ಗ, ಅಲ್ಲೂ ಆಗದಿದ್ದರೆ ಬೆಂಗಳೂರಿನ ಜಯದೇವ.

ಈ ಬಸ್ಸುಗಳಲ್ಲಿ ಓಡಾಡುವ ಹೃದ್ರೋಗಿಗಳಲ್ಲಿ ಒಂದು ಗುಂಪಿನ ಕಷ್ಟ ಬೇರೆ ಥರದ್ದು. ಹತ್ತು ಹದಿನೈದು ವರ್ಷದ ಹಿಂದೆ ವಾಲ್ವ್ ಹಾಕಿಸಿಕೊಂಡು ಬಂದು, ಮನೆ, ಹೊಲ, ಮಕ್ಕಳು ಅಂತ ಬದುಕು ಹಿಡಿದು, ಈಗ ‘ಹಾಕಿದ ವಾಲ್ವೇ ಕೆಟ್ಟಿದೆ’ ಎಂದು ಹೇಳಿಸಿಕೊಂಡವರು ಇವರು. ಮತ್ತೆ ಎದೆಗೂಡು ತೆರೆಸಬೇಕೋ, ಅಥವಾ ತೊಡೆಯ ರಕ್ತನಾಳದಿಂದ ಕ್ಯಾತಿಟರ್ ಎಂಬ ಕೊಳವೆ ತೂರಿಸಿ ಹಳೆ ವಾಲ್ವಿನ ಹೊಟ್ಟೆಯೊಳಗೇ ಹೊಸದನ್ನು ಕೂರಿಸಬೇಕೋ? ಹೃದ್ರೋಗ ತಜ್ಞರ ಸಮ್ಮೇಳನಗಳಲ್ಲಿ ಹದಿನೈದು ವರ್ಷದಿಂದ ಇದೇ ವಾದ. ಒಂದು ಕಡೆ ಸರ್ಜನ್ನರು, ಇನ್ನೊಂದು ಕಡೆ ಕ್ಯಾತಿಟರ್ ಹಿಡಿದವರು. ಆ ವಾದದಲ್ಲಿ ಹುರುಳಿದೆ. ಆದರೆ ಚನ್ನಗಿರಿಯ ರೋಗಿಯೊಬ್ಬರಿಗೆ ಅದರ ಉತ್ತರ ಬಹುಪಾಲು ಮೊದಲನೇ ಆಪರೇಷನ್ನಿನ ದಿನವೇ ತೀರ್ಮಾನವಾಗಿರುತ್ತದೆ ಎನ್ನುವುದು ನನ್ನ ಎಣಿಕೆ. ಅಂದು ಹಾಕಿದ್ದು ಲೋಹದ ವಾಲ್ವೋ, ಅಂಗಾಂಶದ್ದೋ ಎಂಬುದೇ ಇವತ್ತಿನ ದಾರಿಯನ್ನು ತೆರೆಯುತ್ತದೆ, ಇಲ್ಲವೇ ಮುಚ್ಚುತ್ತದೆ.

ಇಲ್ಲಿ ಮಾತು ಮೈಟ್ರಲ್ ಕವಾಟದ್ದು. ಅದು ಇರುವುದು ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ. ಶ್ವಾಸಕೋಶದಿಂದ ಬಂದ ರಕ್ತ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ಇಳಿಯಬೇಕು, ಕೆಳಗಿನದು ಹಿಂಡಿದಾಗ ವಾಪಸ್ ನುಗ್ಗಬಾರದು. ಬೋರು, ಬಾವಿ ನಂಬಿದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಮಾಡುವ ಕೆಲಸವೂ ಇದೇ. ನಮ್ಮ ಸೀಮೆಯಲ್ಲಿ ಈ ಕವಾಟ ಕೆಡುವುದಕ್ಕೆ ಹಳೆಯ ಕಾರಣ ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದರ ಮಗುವಿಗೆ ಗಂಟಲು ನೋವು ಬರುತ್ತದೆ, ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ. ಎರಡು ಮೂರು ವಾರದ ಮೇಲೆ ಕೀಲು ಬಾತು ಜ್ವರ ಬರುತ್ತದೆ. ಅದೂ ಹೋಗುತ್ತದೆ. ರೋಗಾಣುವಿನ ಮೇಲೆ ಎದ್ದ ದೇಹದ ಸಿಟ್ಟು ಮಾತ್ರ ಕವಾಟದ ಮೇಲೆ ತಿರುಗಿ, ವರ್ಷಗಳು ಕಳೆದಂತೆ ಎರಡು ದಳಗಳನ್ನು ದಪ್ಪ ಮಾಡಿ ಅಂಚಿಗೆ ಅಂಚು ಅಂಟಿಸಿಬಿಡುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಗಳಲ್ಲಿ ಈ ಗಂಟಲು ನೋವು ಬೇಗ ಹರಡುತ್ತದೆ. ಬಡವರ ಕಾಯಿಲೆ ಎನ್ನುವುದು ಇದಕ್ಕೇ.

ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಆಫ್ರಿಕಾ, ಭಾರತ, ಯೆಮನ್ ಸೇರಿದಂತೆ ಹಲವು ದೇಶಗಳ 3,343 ರುಮ್ಯಾಟಿಕ್ ಹೃದ್ರೋಗಿಗಳನ್ನು ನೋಂದಾಯಿಸಿಕೊಂಡ ‘ರೆಮಿಡಿ’ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು, ನಡುವಯಸ್ಸು 28. ಅಂದರೆ ಈ ಕಥೆಯ ಮುಖ್ಯ ಪಾತ್ರ ಅರವತ್ತು ದಾಟಿದ ಯಜಮಾನರಲ್ಲ, ಮದುವೆಯಾಗಿ ಒಂದೋ ಎರಡೋ ಮಗುವಾದ ಸೊಸೆ. ಬಸುರಿಯಾದಾಗ ರಕ್ತದ ಪ್ರಮಾಣ ಏರುತ್ತದೆ, ಕಿರಿದಾದ ಕವಾಟ ಅದನ್ನು ದಾಟಿಸಲಾರದು, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಎದೆಯಲ್ಲಿ ಇಂಥದೊಂದು ತೊಂದರೆ ಇದೆ ಎಂದು ಗೊತ್ತಾಗುವುದೇ ಏಳನೇ ತಿಂಗಳಲ್ಲಿ ದಮ್ಮು ಕಟ್ಟಿದಾಗ.

ಕವಾಟ ಬರಿ ಅಂಟಿಕೊಂಡಿದ್ದರೆ ಬಲೂನಿನಿಂದ ಬಿಡಿಸಬಹುದು. ಜಪಾನಿನ ಇನೋವೆ 1980ರ ದಶಕದಲ್ಲಿ ತಂದ ಈ ವಿಧಾನದಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಜಗತ್ತಿನಲ್ಲೇ ಅತಿ ಹೆಚ್ಚು ಅನುಭವ ಇರುವ ಕೇಂದ್ರಗಳಲ್ಲಿ ಒಂದು. ‘ಬಲೂನ್ ಹಾಕ್ಸಿದ್ವಿ’ ಎಂದು ಹೇಳುವ ಮನೆಗಳು ನಮ್ಮ ಹಳ್ಳಿಗಳಲ್ಲೂ ಉಂಟು. ದಳಗಳು ಗಟ್ಟಿಯಾಗಿ ಸುಣ್ಣ ಕಟ್ಟಿದ್ದರೆ ಅಥವಾ ರಕ್ತ ಜೋರಾಗಿ ಹಿಂದಕ್ಕೆ ಸೋರುತ್ತಿದ್ದರೆ ಬಲೂನ್ ನಡೆಯುವುದಿಲ್ಲ. ಆಗ ಕವಾಟವನ್ನೇ ಬದಲಿಸಬೇಕು.

ಬದಲಿ ವಾಲ್ವ್‌ಗಳಲ್ಲಿ ಎರಡು ಜಾತಿ. ಲೋಹದ್ದು ಸವೆಯುವುದಿಲ್ಲ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಹಾಗಾಗಿ ಬದುಕಿರುವವರೆಗೆ ರಕ್ತ ತೆಳು ಮಾಡುವ ಮಾತ್ರೆ ತಪ್ಪುವಂತಿಲ್ಲ. ದನದ ಹೃದಯದ ಪೊರೆಯಿಂದಲೋ ಹಂದಿಯ ಕವಾಟದಿಂದಲೋ ಮಾಡಿದ ಅಂಗಾಂಶದ ವಾಲ್ವ್‌ಗೆ, ಹೃದಯದ ತಾಳ ಸರಿಯಿದ್ದರೆ, ಮೊದಲ ಕೆಲವು ತಿಂಗಳ ಮೇಲೆ ಆ ಮಾತ್ರೆ ಬೇಕಿಲ್ಲ. ಆದರೆ ಅದು ಸವೆಯುತ್ತದೆ. ವಿಚಿತ್ರವೆಂದರೆ ಎಳೆಯರ ಮೈಯಲ್ಲಿ ಬೇಗ ಸವೆಯುತ್ತದೆ. ಎಪ್ಪತ್ತರವರಲ್ಲಿ ಹದಿನೈದು ವರ್ಷ ಬರುವ ವಾಲ್ವ್ ಮೂವತ್ತರವರಲ್ಲಿ ಎಂಟು ಹತ್ತು ವರ್ಷಕ್ಕೇ ಸುಣ್ಣ ಕಟ್ಟಿ ಬಿಗಿಯಬಹುದು, ಇಲ್ಲವೇ ಹರಿಯಬಹುದು. ಅದಕ್ಕೇ ಅಮೆರಿಕ, ಯುರೋಪಿನ ಮಾರ್ಗಸೂಚಿಗಳೆರಡೂ ಮೈಟ್ರಲ್ ಜಾಗದಲ್ಲಿ 65ರ ಕೆಳಗಿನವರಿಗೆ ಸಾಮಾನ್ಯವಾಗಿ ಲೋಹದ್ದನ್ನೇ ಮುಂದಿಡುತ್ತವೆ.

ಭಾರತದಲ್ಲಿ ಲೋಹದ ಪಾಲು ಹೆಚ್ಚಾಗಲು ಇನ್ನೊಂದು ಕಾರಣ ಬೆಲೆ, ಆ ಬೆಲೆಯ ಹಿಂದೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ. ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ವರ್ಷಗಟ್ಟಲೆ ಒಂದಾದ ಮೇಲೊಂದು ವಸ್ತುವನ್ನು ಪರೀಕ್ಷಿಸಿ, ಕೈಬಿಟ್ಟು, ಕೊನೆಗೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಚೌಕಟ್ಟಿನಲ್ಲಿ ಗಟ್ಟಿ ಪಾಲಿಥಿಲೀನಿನ ಬಿಲ್ಲೆ ಓಲಾಡುವ ವಾಲ್ವ್ ಒಂದನ್ನು ರೂಪಿಸಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಟಿಟಿಕೆ ಚಿತ್ರಾ ಹೆಸರಿನಲ್ಲಿ ಅದು ವಿದೇಶಿ ವಾಲ್ವ್‌ನ ಬೆಲೆ ಕೊಡಲಾಗದವರ ಎದೆಗಳನ್ನು ಸೇರಿತು. ವಲಿಯತ್ತಾನ್ ಆಮೇಲೆ ಮಣಿಪಾಲಕ್ಕೆ ಬಂದು ಅಲ್ಲಿಯ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ದುಡಿದರು, 2024ರಲ್ಲಿ ತೀರಿಕೊಂಡರು. ನಮ್ಮ ಕಡೆ ವೈದ್ಯಕೀಯ ಸಾಧನೆ ಎಂದರೆ ಆಪರೇಷನ್ ಮಾಡಿದವರ ಹೆಸರು ಮಾತ್ರ ನೆನಪಿರುತ್ತದೆ, ಒಳಗೆ ಉಳಿದ ವಸ್ತುವನ್ನು ಮಾಡಿದವರದ್ದಲ್ಲ.

ಈಗ ಕೆಡುವ ಮಾತಿಗೆ ಬರೋಣ. ಲೋಹದ ವಾಲ್ವ್ ಕೆಡುವುದು ಎಂದರೆ ಬಹುತೇಕ ಸಲ ಅದು ಮುರಿಯುವುದಲ್ಲ, ಸಿಕ್ಕಿಕೊಳ್ಳುವುದು. ಬಿಲ್ಲೆಯ ಸುತ್ತ ಹೆಪ್ಪುಗಟ್ಟಿದ ರಕ್ತ, ಕೆಲವೊಮ್ಮೆ ಒಳಗೇ ಬೆಳೆದ ಮಾಂಸದ ಪದರ, ಬಿಲ್ಲೆ ಪೂರ್ತಿ ತೆರೆಯದ ಹಾಗೆ ಹಿಡಿದುಬಿಡುತ್ತದೆ. ಮನೆಯವರಿಗೆ ಇದರ ಸುಳಿವು ಕಿವಿಯಿಂದಲೇ ಸಿಗುವುದುಂಟು. ರಾತ್ರಿ ಸದ್ದಡಗಿದ ಮೇಲೆ ಪಕ್ಕದಲ್ಲಿ ಮಲಗಿದವರಿಗೆ ಕೇಳುತ್ತಿದ್ದ ‘ಟಿಕ್ ಟಿಕ್’ ಮಂದವಾಗುತ್ತದೆ ಅಥವಾ ನಿಂತೇಹೋಗುತ್ತದೆ. ಎರಡು ಮೂರು ದಿನದಲ್ಲೇ ಮಲಗಲಾಗದ ದಮ್ಮು. ಎಕ್ಸ್‌ರೇ ಪರದೆಯ ಕೆಳಗೆ ಮಲಗಿಸಿ ನೋಡಿದರೆ, ಎರಡು ಎಲೆಯ ವಾಲ್ವ್ ಆಗಿದ್ದರೆ, ಒಂದು ಎಲೆ ಆಡುತ್ತಿರುತ್ತದೆ, ಇನ್ನೊಂದು ಗೋಡೆಗೆ ಹೊಡೆದ ಮೊಳೆಯಂತೆ ನಿಂತಿರುತ್ತದೆ.

ಕಾರಣ ಹುಡುಕಿದರೆ ಮಾತ್ರೆಗೇ ಬರುತ್ತದೆ. ಹೊರರೋಗಿ ವಿಭಾಗದ ಸಾಲಿನಲ್ಲಿ ಒಮ್ಮೆ ಕೂತವರು ಈ ಸಂಭಾಷಣೆ ಕೇಳಿಯೇ ಇರುತ್ತಾರೆ.

‘ಏನವ್ವಾ, ಮಾತ್ರೆ ಬಿಟ್ಟಿದ್ದೇನು?’

‘ಇಲ್ಲ ಸಾ, ಬಿಡಾದೆಂಗೆ... ತಂಗಿ ಮದ್ವಿ ಇತ್ತು, ಅದೊಂದ್ ನಾಕ್ ದಿನ ಆಗ್ಲಿಲ್ಲ.’

ಬಿಟ್ಟಿಲ್ಲ, ನಾಲ್ಕು ದಿನ ಆಗಲಿಲ್ಲ. ನಾಲ್ಕು ದಿನ ಸಾಕು. ಅಸಿಟ್ರೋಮ್ ಎಂಬ ಈ ಮಾತ್ರೆ ಮೈಯಲ್ಲಿ ಬಹಳ ಹೊತ್ತು ನಿಲ್ಲುವಂಥದಲ್ಲ. ಮೇಲಾಗಿ ಅದರ ಅಳತೆ ಎಲ್ಲರಿಗೂ ಒಂದಲ್ಲ. ಚೀಟಿಯಲ್ಲಿ ‘ಸೋಮ, ಬುಧ, ಶುಕ್ರ 2, ಉಳಿದ ದಿನ 3’ ಎಂದು ಬರೆದಿರುತ್ತದೆ, ಸಂಜೆ ಆರಕ್ಕೆ ತಗೊಳ್ಳಬೇಕೆಂದು. ರಕ್ತ ಎಷ್ಟು ತೆಳುವಾಗಿದೆ ಎಂದು ನೋಡಲು ಐಎನ್‌ಆರ್ ಪರೀಕ್ಷೆ. ಮೈಟ್ರಲ್ ಜಾಗದ ಲೋಹದ ವಾಲ್ವ್‌ಗೆ ಅದು 2.5ರಿಂದ 3.5ರ ಒಳಗಿರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ಮೂಗು, ವಸಡು, ಮೂತ್ರದಲ್ಲಿ ರಕ್ತ, ದುರದೃಷ್ಟವಿದ್ದರೆ ಮೆದುಳಿನಲ್ಲಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಬಲ ತಗ್ಗಿಸುತ್ತದೆ. ಜಗಳೂರಿನ ಕಡೆ ನುಗ್ಗೆಸೊಪ್ಪು ಸಿಕ್ಕ ತಿಂಗಳು ದಿನಾ ಅದೇ ಸಾರು, ಸಿಗದಾಗ ಬರಿ ಬೇಳೆ. ಐಎನ್‌ಆರ್ ಅದರ ಜೊತೆ ಏರಿಳಿಯುತ್ತದೆ. ಸೊಪ್ಪು ತಿನ್ನಲೇಬೇಡಿ ಎನ್ನುವುದು ಕೆಟ್ಟ ಸಲಹೆ. ವಾರವಾರವೂ ಹೆಚ್ಚು ಕಡಿಮೆ ಅಷ್ಟೇ ತಿನ್ನಿ ಎನ್ನುವುದು ಸರಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಳ್ಳುವ ನೋವಿನ ಮಾತ್ರೆ, ಭೇದಿಗೆ ಕೊಡುವ ಮೆಟ್ರೋನಿಡಜೋಲ್, ಹೆಸರು ಹೇಳದ ನಾಟಿ ಪುಡಿಗಳು ರಕ್ತಸ್ರಾವದ ಕಡೆಗೆ ಎಳೆಯುತ್ತವೆ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಕಾಯಿ ಸುಲಿಯುವ ಹೆಂಗಸಿಗೆ ಬೆರಳು ಕೊಯ್ದುಕೊಳ್ಳುವುದು ದಿನನಿತ್ಯದ್ದು. ಒಮ್ಮೆ ರಕ್ತ ನಿಲ್ಲದೆ ಹೆದರಿದ ಮೇಲೆ ಅವಳು ಸುಗ್ಗಿ ಮುಗಿಯುವವರೆಗೆ ಮಾತ್ರೆಯನ್ನು ತಾನೇ ಅರ್ಧಕ್ಕಿಳಿಸಿದರೆ ಅವಳನ್ನು ಬೈದು ಏನು ಪ್ರಯೋಜನ?

ಪರೀಕ್ಷೆಯೂ ಸುಲಭದ್ದಲ್ಲ. ನೀಲಿ ಮುಚ್ಚಳದ ಸಣ್ಣ ಟ್ಯೂಬಿನಲ್ಲಿ ಸಿಟ್ರೇಟ್ ದ್ರವ ಅಳೆದು ಹಾಕಿರುತ್ತದೆ; ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು. ಗೆರೆಯವರೆಗೆ ರಕ್ತ ತುಂಬದಿದ್ದರೆ ಲೆಕ್ಕ ತಪ್ಪಿ ಐಎನ್‌ಆರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ವೈದ್ಯರು ಮಾತ್ರೆ ಇಳಿಸುತ್ತಾರೆ, ವಾಲ್ವ್ ಕಟ್ಟುತ್ತದೆ. ರಕ್ತ ತೆಗೆಯುವವರ ಕೈಯಲ್ಲಿ ಅರ್ಧ ಮಿಲಿಲೀಟರ್ ಕಮ್ಮಿಯಾದದ್ದು ಮುಂದೊಂದು ದಿನ ಬೆಂಗಳೂರಿನ ಆಪರೇಷನ್ ಥಿಯೇಟರಿಗೆ ಮುಟ್ಟಬಹುದು. ‘ರೆಮಿಡಿ’ ಅಧ್ಯಯನದಲ್ಲೂ ಕಂಡದ್ದು ಇದೇ ಥರದ ಸಂಗತಿ: ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಐಎನ್‌ಆರ್ ಸರಿಯಾದ ಅಂಕೆಯಲ್ಲಿ ಇದ್ದದ್ದು ಶೇಕಡಾ 28 ಮಂದಿಗೆ ಮಾತ್ರ. ಪರೀಕ್ಷೆಯೇ ಬೇಡದ ಹೊಸ ಮಾತ್ರೆಗಳು ಬಂದಿವೆಯಲ್ಲ ಎಂದು ಓದಿದವರು ಕೇಳುತ್ತಾರೆ. ಲೋಹದ ವಾಲ್ವ್‌ನವರಲ್ಲಿ ಅವುಗಳಲ್ಲೊಂದಾದ ಡಾಬಿಗಟ್ರಾನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪೂ ಹೆಚ್ಚಾಗಿ, ರಕ್ತಸ್ರಾವವೂ ಹೆಚ್ಚಾಗಿ, ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಲೋಹದ ವಾಲ್ವ್ ಇದ್ದವರಿಗೆ ಆ ಮಾತ್ರೆಗಳು ಇವತ್ತಿಗೂ ನಿಷಿದ್ಧ.

ಸಿಕ್ಕಿಕೊಂಡ ಲೋಹದ ವಾಲ್ವ್‌ಗೆ ಕ್ಯಾತಿಟರ್ ಮೂಲಕ ಹೊಸ ವಾಲ್ವ್ ಹಾಕಲು ಆಗುವುದಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಮೊಬೈಲಿನಲ್ಲಿ ವಿಡಿಯೊ ನೋಡಿ ‘ಆಪರೇಷನ್ ಇಲ್ದೆ ವಾಲ್ವ್ ಹಾಕ್ತಾರಂತೆ’ ಎಂದು ಆಸೆಯಿಂದ ಬರುವ ಮನೆಯವರಲ್ಲಿ ಬಹಳ ಮಂದಿಯ ರೋಗಿಗೆ ಇರುವುದು ಲೋಹದ್ದೇ. ಹೊಸ ವಾಲ್ವ್ ಒಳಗೆ ಅರಳಬೇಕಾದರೆ ಹಳೆಯದರ ದಳಗಳು ಪಕ್ಕಕ್ಕೆ ಒತ್ತಿಹೋಗಬೇಕು. ಲೋಹದ ಬಿಲ್ಲೆ ಹಾಗೆ ಸರಿಯುವುದಿಲ್ಲ. ಇವರಿಗಿರುವುದು ಎರಡೇ ದಾರಿ: ಹೆಪ್ಪು ಕರಗಿಸುವ ಔಷಧ, ಇಲ್ಲವೇ ಮರು ಆಪರೇಷನ್. ಪಶ್ಚಿಮದಲ್ಲಿ ಆಪರೇಷನ್ ಕಡೆಗೆ ಒಲವು ಹೆಚ್ಚಿದ್ದರೂ, ಥಿಯೇಟರ್ ಸಿಗುವುದೇ ಕಷ್ಟವಾದ ನಮ್ಮಲ್ಲಿ ಸ್ಟ್ರೆಪ್ಟೋಕೈನೇಸ್ ಡ್ರಿಪ್ ಮೊದಲ ಮೆಟ್ಟಿಲಾಗಿಯೇ ಉಳಿದಿದೆ. 2009ರಲ್ಲಿ ಪ್ರಕಟವಾದ ದೆಹಲಿ ಏಮ್ಸ್‌ನ ಅಧ್ಯಯನದಲ್ಲಿ ಇಂಥ 120 ರೋಗಿಗಳಲ್ಲಿ ಪೂರ್ತಿ ಗುಣವಾದವರು ಅರ್ಧಕ್ಕಿಂತ ತುಸು ಹೆಚ್ಚು. ಕರಗಿದ ಚೂರು ಮೆದುಳಿಗೆ ಹೋಗಿ ಪಾರ್ಶ್ವವಾಯು ಹೊಡೆಯುವ ಭಯ ಇದ್ದೇ ಇದೆ. ದಾವಣಗೆರೆಯಿಂದ ಬೆಂಗಳೂರಿಗೆ ಇನ್ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್. ಮಲಗಲಾಗದ ರೋಗಿಯನ್ನು ಆಂಬುಲೆನ್ಸಿನಲ್ಲಿ ಕೂರಿಸಿಕೊಂಡು ಅಷ್ಟು ದೂರ ಹೋಗುವುದಕ್ಕಿಂತ ಹತ್ತಿರದ ಐಸಿಯುನಲ್ಲಿ ಡ್ರಿಪ್ ಶುರುಮಾಡುವುದೇ ಬಹಳ ಸಲ ಜಾಣತನ.

ಅಂಗಾಂಶದ ವಾಲ್ವ್ ಹೀಗೆ ಹಠಾತ್ತನೆ ಕೈಕೊಡುವುದು ಕಡಿಮೆ. ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಲ್ಲಿ ಬಾವು, ಎಕೋದಲ್ಲಿ ಪ್ರತಿ ವರ್ಷ ಏರುವ ಒತ್ತಡದ ಅಂಕಿ. ತಿಂಗಳುಗಟ್ಟಲೆ ಮುನ್ಸೂಚನೆ ಕೊಟ್ಟೇ ಕೆಡುತ್ತದೆ. ಸರ್ಜರಿಯೋ ಕ್ಯಾತಿಟರೋ ಎಂಬ ಪ್ರಶ್ನೆಗೆ ನಿಜವಾದ ಜಾಗ ಇದು.

ಮರು ಆಪರೇಷನ್ ಯಾಕೆ ಕಷ್ಟ? ಮೊದಲ ಸಲ ಎದೆಗೂಡು ತೆರೆದಾಗ ಮೂಳೆಗೂ ಹೃದಯಕ್ಕೂ ನಡುವೆ ಜಾಗವಿರುತ್ತದೆ. ಗಾಯ ಮಾಯುವಾಗ ಹೃದಯ ಮೂಳೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಎರಡನೇ ಸಲ ಗರಗಸ ಇಳಿಸುವಾಗ ಅದರ ತುದಿಗೂ ಬಲಭಾಗದ ಕೋಣೆಯ ತೆಳು ಗೋಡೆಗೂ ಮಧ್ಯೆ ಒಂದೆರಡು ಮಿಲಿಮೀಟರ್ ಉಳಿದಿದ್ದರೆ ಅದೃಷ್ಟ. ಅನುಭವಿ ಸರ್ಜನ್ನರು ಮೊದಲೇ ಸಿಟಿ ಸ್ಕ್ಯಾನ್ ತೆಗೆದು ಅಂಟಿದ್ದೆಲ್ಲಿ ಎಂದು ನೋಡುತ್ತಾರೆ. ತೊಡೆಯ ರಕ್ತನಾಳಗಳಿಂದ ಹಾರ್ಟ್-ಲಂಗ್ ಯಂತ್ರಕ್ಕೆ ಸಂಪರ್ಕ ಕೊಟ್ಟುಕೊಂಡೇ ಗರಗಸ ಹಿಡಿಯುತ್ತಾರೆ. ಕೆಲವರು ಬಲ ಪಕ್ಕೆಯಲ್ಲಿ ಸಣ್ಣ ಸೀಳು ಹಾಕಿ ಮೂಳೆಯ ತಂಟೆಗೇ ಹೋಗುವುದಿಲ್ಲ. ಅಂಟುಗಳನ್ನು ಎಳೆ ಎಳೆಯಾಗಿ ಬಿಡಿಸಿ, ಹಳೆ ವಾಲ್ವ್‌ನ ಹೊಲಿಗೆಯನ್ನು ಉಂಗುರದಿಂದ ಕಿತ್ತು, ಹೃದಯದ ಹಿಂಗೋಡೆ ಹರಿಯದ ಹಾಗೆ ಹೊಸದನ್ನು ಹೊಲಿಯಬೇಕು. ಗಂಟೆಗಳ ಕೆಲಸ, ಬಾಟಲಿಗಟ್ಟಲೆ ರಕ್ತ. ಹಳ್ಳಿಯ ಮನೆಯವರಿಗೆ ಕಷ್ಟವಾಗುವುದು ಹಣಕ್ಕಿಂತ ರಕ್ತ ಕೊಡಲು ಜನ ಕಟ್ಟಿಕೊಂಡು ಹೋಗುವುದು.

ಇಷ್ಟೆಲ್ಲ ಕಷ್ಟಪಟ್ಟರೆ ಸಿಗುವುದೇನು? ಹಳೆಯದು ಪೂರ್ತಿ ಹೊರಗೆ ಹೋಗುತ್ತದೆ, ಪೂರ್ಣ ಗಾತ್ರದ ಹೊಸದು ಬರುತ್ತದೆ. ವಾಲ್ವ್‌ನ ಪಕ್ಕದಲ್ಲಿ ಸೋರುತ್ತಿದ್ದರೆ ಅದೂ ಸರಿಯಾಗುತ್ತದೆ, ಹೃದಯದ ಬಲಭಾಗದ ಟ್ರೈಕಸ್ಪಿಡ್ ಕವಾಟ ಹಿಗ್ಗಿದ್ದರೆ ಅದನ್ನೂ ಅದೇ ಸಲ ಬಿಗಿಸಬಹುದು. ವಾಲ್ವ್‌ಗೆ ಸೋಂಕು ತಗಲಿದ್ದರೆ ಸರ್ಜರಿಗೆ ಪರ್ಯಾಯವೇ ಇಲ್ಲ. ಸೋಂಕಿದ್ದ ವಾಲ್ವ್‌ನೊಳಗೆ ಹೊಸದನ್ನು ಕೂರಿಸುವುದೆಂದರೆ ಕೀವನ್ನು ಒಳಗಿಟ್ಟು ಮುಚ್ಚಿದಂತೆ.

ಕ್ಯಾತಿಟರಿನ ದಾರಿ ಬೇರೆ. ಎದೆಯನ್ನೇ ಮುಟ್ಟದೆ, ಹೃದಯದ ಬಡಿತ ನಿಲ್ಲಿಸದೆ ಮಾಡುವ ಕೆಲಸ ಅದು. ಮಡಚಿದ ಹೊಸ ವಾಲ್ವ್ ತೊಡೆಯ ಅಭಿಧಮನಿಯಿಂದ ಹೃದಯದ ಬಲಭಾಗಕ್ಕೆ ಹೋಗುತ್ತದೆ. ಅಲ್ಲಿಂದ ಎಡಕ್ಕೆ ದಾಟಲು ನಡುಗೋಡೆಯಲ್ಲಿ ಸೂಜಿಯಿಂದ ತೂತು ಕೊರೆದು, ಬಲೂನಿನಿಂದ ಅಗಲಿಸುತ್ತಾರೆ. ಅನ್ನನಾಳಕ್ಕೆ ಇಳಿಬಿಟ್ಟ ಎಕೋ ನಳಿಕೆ ಎಲ್ಲಿ ಚುಚ್ಚಬೇಕೆಂದು ತೋರಿಸುತ್ತದೆ. ಹೊಸ ವಾಲ್ವ್ ಹಳೆಯದರ ನಡುವೆ ಬಂದ ಕೂಡಲೇ ಕೆಲವು ಕ್ಷಣ ಹೃದಯವನ್ನು ಬೇಕೆಂತಲೇ ಅತಿವೇಗವಾಗಿ ಬಡಿಯುವಂತೆ ಮಾಡಿ, ರಕ್ತದ ಹರಿವು ತಗ್ಗಿದಾಗ ಬಲೂನ್ ಊದುತ್ತಾರೆ. ಹಳೆ ದಳಗಳು ಪಕ್ಕಕ್ಕೆ ಒತ್ತಿಕೊಂಡು ಹೊಸದು ಅರಳಿ ಕೂರುತ್ತದೆ. ಯಾವುದೂ ತೊಡಕಾಗದಿದ್ದರೆ ರೋಗಿ ಮರುದಿನ ಎದ್ದು ಓಡಾಡುತ್ತಾರೆ.

ಈ ತಂತ್ರಕ್ಕೆ ಮೂಲ ಫ್ರಾನ್ಸಿನ ಅಲೇನ್ ಕ್ರಿಬಿಯೆ 2002ರಲ್ಲಿ ಮಹಾಧಮನಿಯ ಕವಾಟಕ್ಕೆ ಮಾಡಿದ ಪ್ರಯೋಗ. 2009ರ ಹೊತ್ತಿಗೆ ಕೆನಡಾದ ವ್ಯಾಂಕೂವರಿನ ವೈದ್ಯರು ಅದನ್ನೇ ಕೆಟ್ಟ ಮೈಟ್ರಲ್ ವಾಲ್ವ್‌ನೊಳಗೆ ಕೂರಿಸಿ ತೋರಿಸಿದರು. ಆಗ ಪಕ್ಕೆಯಲ್ಲಿ ಸೀಳಿ ಹೃದಯದ ತುದಿಯಿಂದ ಹೋಗುತ್ತಿದ್ದರು. ತೊಡೆಯ ದಾರಿ ರೂಢಿಗೆ ಬಂದದ್ದು ಆಮೇಲೆ. ಅಮೆರಿಕದ ನಿಯಂತ್ರಕರು ಸೇಪಿಯನ್ 3 ವಾಲ್ವ್‌ಗೆ ಈ ಬಳಕೆಗೆ ಒಪ್ಪಿಗೆ ಕೊಟ್ಟದ್ದು 2017ರಲ್ಲಿ, ಸರ್ಜರಿ ಅಪಾಯಕರ ಎನಿಸಿದವರಿಗೆ. ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಮೈವಾಲ್ ಭಾರತದಲ್ಲಿ 2018ರಿಂದ ಸಿಗುತ್ತಿದೆ. ಅದರಲ್ಲಿ ನಡುವಣ ಗಾತ್ರಗಳೂ ಇರುವುದರಿಂದ ಹಳೆ ವಾಲ್ವ್‌ನ ಒಳ ಅಳತೆಗೆ ಹೆಚ್ಚು ಹತ್ತಿರದ್ದನ್ನು ಆರಿಸಬಹುದು.

ಫಲಿತಾಂಶದ ಅಂಕಿಗಳು ಚೆನ್ನಾಗಿಯೇ ಇವೆ. ಅಮೆರಿಕದ ನೋಂದಣಿಯಲ್ಲಿ ಸೇಪಿಯನ್ 3 ಹಾಕಿಸಿಕೊಂಡ 1,529 ಜನರ ವರದಿ 2020ರಲ್ಲಿ ಬಂತು. ನೂರರಲ್ಲಿ 97ರ ಹತ್ತಿರ ವಾಲ್ವ್ ಸರಿಯಾಗಿ ಕೂತಿತು. 30 ದಿನದೊಳಗೆ ತೀರಿಕೊಂಡವರು ಶೇಕಡಾ 5.4, ವರ್ಷದೊಳಗೆ 16.7. ಸರ್ಜರಿ ಮಾಡಿದ್ದರೆ ಇವರಲ್ಲಿ ಶೇಕಡಾ 11 ಮಂದಿ ಸಾಯಬಹುದಿತ್ತು ಎಂಬುದು ಮೊದಲೇ ಹಾಕಿದ ಅಂದಾಜು. ತೊಡೆಯಿಂದ ಹೋದವರ ಒಂದು ವರ್ಷದ ಫಲಿತಾಂಶ ಹೃದಯದ ತುದಿಯಿಂದ ಹೋದವರದ್ದಕ್ಕಿಂತ ಉತ್ತಮವಾಗಿತ್ತು. ಇದನ್ನು ಓದಿ ‘ಕ್ಯಾತಿಟರೇ ಗೆದ್ದಿತು’ ಎಂದು ಷರಾ ಬರೆಯುವವರು ಒಂದು ಸಾಲನ್ನು ದಾಟಿಬಿಡುತ್ತಾರೆ: ಆ ರೋಗಿಗಳ ಸರಾಸರಿ ವಯಸ್ಸು 73ರ ಆಸುಪಾಸು. ವಯಸ್ಸಿಗೆ ಸವೆದ ಕವಾಟವನ್ನು ಅರವತ್ತರಲ್ಲಿ ಬದಲಿಸಿಕೊಂಡ ಅಮೆರಿಕದ ಅಜ್ಜಿಯ ಲೆಕ್ಕವನ್ನು, ರುಮ್ಯಾಟಿಕ್ ಜ್ವರದಿಂದ ಇಪ್ಪತ್ತೆಂಟಕ್ಕೇ ಬದಲಿಸಿಕೊಂಡ ಹೊನ್ನಾಳಿಯ ಹೆಂಗಸಿಗೆ ಹಾಗೇ ಹಚ್ಚಲಾಗುವುದಿಲ್ಲ.

ಎರಡೂ ದಾರಿಗಳನ್ನು ಪಕ್ಕಪಕ್ಕಕ್ಕಿಟ್ಟ ಅಧ್ಯಯನಗಳು ಬಹುತೇಕ ಹಿಂದಿನ ದಾಖಲೆಗಳನ್ನು ತಿರುವಿ ಮಾಡಿದವು. ಅವುಗಳಲ್ಲಿ ಪದೇ ಪದೇ ಕಾಣುವುದು ಇದು: ಮೊದಲ ತಿಂಗಳುಗಳಲ್ಲಿ ಕ್ಯಾತಿಟರಿನವರಿಗೆ ರಕ್ತಸ್ರಾವ, ಮೂತ್ರಪಿಂಡದ ತೊಂದರೆ, ಆಸ್ಪತ್ರೆಯ ದಿನಗಳು ಎಲ್ಲ ಕಡಿಮೆ, ಒಂದೆರಡು ವರ್ಷದ ಉಳಿವು ಹೆಚ್ಚು ಕಡಿಮೆ ಸಮ, ವಾಲ್ವ್‌ನ ಮೇಲಿನ ಒತ್ತಡ ಮಾತ್ರ ಕ್ಯಾತಿಟರಿನವರಲ್ಲಿ ಹೆಚ್ಚು. ಒಂದರೊಳಗೊಂದು ವಾಲ್ವ್ ಕೂತರೆ ಬಾಯಿ ಕಿರಿದಾಗಲೇಬೇಕಲ್ಲ. ರುಮ್ಯಾಟಿಕ್ ರೋಗಿಗಳು ಹೆಚ್ಚಿರುವ ಬ್ರೆಜಿಲ್‌ನಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ ಪ್ರಯೋಗವೂ ನಡೆದಿದೆ. ಅದರ ಮೊದಲ ವರ್ಷದ ಫಲ ಕ್ಯಾತಿಟರಿನ ಕಡೆಗೇ ವಾಲಿದೆ. ನಮ್ಮ ರೋಗಿಗಳಿಗೆ ಅಮೆರಿಕದ ಲೆಕ್ಕಕ್ಕಿಂತ ಇದು ಹತ್ತಿರದ್ದು. ಆದರೂ ನಲವತ್ತರವರಿಗೆ ಒಂದು ವರ್ಷದ ಫಲಿತಾಂಶ ಬರೀ ಮುನ್ನುಡಿ.

ಕ್ಯಾತಿಟರಿಗೂ ಅದರದೇ ಗಂಡಾಂತರಗಳಿವೆ. ಹೊಸ ವಾಲ್ವ್ ಒತ್ತಿದ ಹಳೆ ದಳಗಳು ಹೃದಯದಿಂದ ಮಹಾಧಮನಿಗೆ ರಕ್ತ ಹೊರಡುವ ದಾರಿಗೆ ಅಡ್ಡವಾಗಿ ನಿಲ್ಲಬಹುದು. ಹಾಗಾದರೆ ಮೇಜಿನ ಮೇಲೇ ಪ್ರಾಣ ಹೋಗಬಹುದು. ಸಿಟಿಯಲ್ಲಿ ಮೊದಲೇ ಆ ದಾರಿಯ ಅಗಲ ಲೆಕ್ಕ ಹಾಕಿ, ಸಾಲದು ಎನಿಸಿದವರನ್ನು ಸರ್ಜರಿಗೆ ಕಳಿಸುತ್ತಾರೆ. ಹೊಸ ಅಂಗಾಂಶದ ಮೇಲೂ ಹೆಪ್ಪುಗಟ್ಟಬಹುದಾದ್ದರಿಂದ ಕೆಲವು ತಿಂಗಳಾದರೂ ರಕ್ತ ತೆಳು ಮಾಡುವ ಮಾತ್ರೆ ಬೇಕು. ಹೃದಯದ ತಾಳ ತಪ್ಪಿರುವ ರುಮ್ಯಾಟಿಕ್ ರೋಗಿಗೆ ಜೀವನಪೂರ್ತಿ. ಅಂದರೆ ಐಎನ್‌ಆರ್‌ನಿಂದ ತಪ್ಪಿಸಿಕೊಳ್ಳಲು ಅಂಗಾಂಶದ ವಾಲ್ವ್ ಆರಿಸಿದವರಲ್ಲಿ ಒಂದು ದೊಡ್ಡ ಪಾಲು ತಪ್ಪಿಸಿಕೊಂಡಿರುವುದಿಲ್ಲ.

ಇನ್ನು ಹಣ. ಎದೆ ತೆರೆದು ಮಾಡುವ ವಾಲ್ವ್ ಬದಲಾವಣೆ ಯಶಸ್ವಿನಿ ಆರೋಗ್ಯ ಯೋಜನೆಯ ಕಾಲದಿಂದಲೂ ಸಹಕಾರ ಸಂಘದ ಸದಸ್ಯರಿಗೆ ದಕ್ಕಿದೆ. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಕ್ಯಾತಿಟರಿನ ವಾಲ್ವ್ ಒಂದರ ಬೆಲೆಯೇ ಆ ಮಿತಿಯನ್ನು ದಾಟುತ್ತದೆ. ಚನ್ನಗಿರಿಯ ಅಡಿಕೆ ತೋಟದವರು ರಾಶಿ ಅಡಿಕೆಗೆ ರೇಟು ಬಂದ ವರ್ಷ ಅದನ್ನು ಹೇಗೋ ಹೊಂದಿಸಿಯಾರು. ಮಳೆ ನಂಬಿದ ಜಗಳೂರಿನ ಮೆಕ್ಕೆಜೋಳದವರಿಗೆ ಅದು ಹೊಲ ಮಾರುವ ಮಾತು. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ ಒಂದೇ ಕಾಯಿಲೆಗೆ ಬೇರೆ ಬೇರೆ ಚಿಕಿತ್ಸೆ ಆಗುವುದಾದರೆ ಅದಕ್ಕೆ ವೈದ್ಯಶಾಸ್ತ್ರ ಕಾರಣವಲ್ಲ.

ನನ್ನನ್ನು ಕೇಳಿದರೆ: ಎಪ್ಪತ್ತು ದಾಟಿದವರು, ಮೂತ್ರಪಿಂಡ ಸೋತವರು, ಈಗಾಗಲೇ ಎರಡು ಸಲ ಎದೆ ತೆರೆಸಿಕೊಂಡವರು, ಹೃದಯದ ಶಕ್ತಿ ಕುಗ್ಗಿದವರು, ಇವರ ಅಂಗಾಂಶದ ವಾಲ್ವ್ ಕೆಟ್ಟರೆ ಕ್ಯಾತಿಟರಿಗೆ ಹೋಗುವುದೇ ಸರಿ, ಇಲ್ಲಿ ವಾದಕ್ಕೆ ಹೆಚ್ಚೇನೂ ಉಳಿದಿಲ್ಲ. ಸೋಂಕು, ಪಕ್ಕದ ಸೋರಿಕೆ, ಲೋಹದ ವಾಲ್ವ್ ಸರ್ಜನ್ನರ ಪಾಲು, ಅಲ್ಲೂ ವಾದವಿಲ್ಲ. ಉಳಿದ ತಕರಾರು ಮೂವತ್ತರಿಂದ ಐವತ್ತೈದರವರದ್ದು, ಅದರಲ್ಲೂ ಹೆಂಗಸರದ್ದು. ಬಸುರಿನ ಮೊದಲ ಮೂರು ತಿಂಗಳಲ್ಲಿ ಅಸಿಟ್ರೋಮ್ ಥರದ ಮಾತ್ರೆ ಭ್ರೂಣಕ್ಕೆ ಕೆಡುಕು ಮಾಡಬಹುದು. ನಿಲ್ಲಿಸಿದರೆ ತಾಯಿಯ ವಾಲ್ವ್ ಕಟ್ಟಬಹುದು. ಮಗು ಬೇಕೆನ್ನುವ ಹುಡುಗಿಗೆ ಅಂಗಾಂಶದ ವಾಲ್ವ್ ಹಾಕಿ, ಕೆಟ್ಟಾಗ ನೋಡೋಣ ಎನ್ನುವ ಸರ್ಜನ್ನರ ಮಾತಿಗೆ ಈಗ ಕ್ಯಾತಿಟರ್ ಒಂದು ಬೆನ್ನಾಸರೆ. ಆದರೆ ಈ ನಿರ್ಧಾರ ಆಗುವ ಹೊತ್ತಿನಲ್ಲಿ ಹುಡುಗಿಯ ಜೊತೆ ಇರುವವರು ಅಪ್ಪ, ಗಂಡ, ಚಿಕ್ಕಪ್ಪ. ಸಹಿ ಅವರದ್ದು. ಅವಳಿಗೆ ಎಷ್ಟು ಮಕ್ಕಳು ಬೇಕು, ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಕರೆದೊಯ್ಯುವವರು ಯಾರು ಎಂದು ಅವಳನ್ನೇ ಕೂರಿಸಿ ಕೇಳುವುದು ಅಪರೂಪ.

ಹಾಗಾಗಿ ನಾಲ್ಕು ತಾಲ್ಲೂಕುಗಳಿಗೆ ಈಗ ತುರ್ತಾಗಿ ಬೇಕಿರುವುದು ಕ್ಯಾತಿಟರ್ ಲ್ಯಾಬ್ ಅಲ್ಲ. ಬೆರಳ ತುದಿಯ ಹನಿ ರಕ್ತದಿಂದ ಐಎನ್‌ಆರ್ ಹೇಳುವ ಕೈಯಂತ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಸಂತೆಯ ದಿನವಾದರೂ ಸಿಗಬೇಕು. ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡಬೇಕಾದ ಪೆನಿಸಿಲಿನ್ ಇಂಜೆಕ್ಷನ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಇರಬೇಕು, ಅದನ್ನು ಕೊಡಲು ಹೆದರದ ಕೈ ಇರಬೇಕು. ಇನ್ನೊಂದು ಪುಕ್ಕಟೆ ಕೆಲಸವೂ ಇದೆ. ವಾಲ್ವ್ ಹಾಕಿದ ದಿನ ಆಸ್ಪತ್ರೆ ಕೊಡುವ ಕಾರ್ಡಿನಲ್ಲಿ ವಾಲ್ವ್‌ನ ಜಾತಿ, ಕಂಪನಿ, ಗಾತ್ರ ಬರೆದಿರುತ್ತದೆ. ಹತ್ತು ವರ್ಷದ ಮೇಲೆ ಒಳಗೆ ಯಾವ ಅಳತೆಯ ಹೊಸ ವಾಲ್ವ್ ಕೂತೀತು ಎಂಬ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಅದು ಕಳೆದುಹೋದ ಮನೆಗಳೇ ಹೆಚ್ಚು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಅದನ್ನೂ ಇಡಿ, ಫೋಟೊ ತೆಗೆದು ಮಗನ ಫೋನಿನಲ್ಲೂ ಇಡಿ ಎಂದು ಡಿಸ್ಚಾರ್ಜ್ ದಿನ ನರ್ಸಮ್ಮ ಹೇಳಿದರೆ ಸಾಕು.

ಗಾತ್ರದ ವಿಷಯದಲ್ಲಿ ಸರ್ಜನ್ನರ ನಡುವೆಯೇ ಈಗ ಹೊಸ ಚರ್ಚೆ ಎದ್ದಿದೆ. ಮೂವತ್ತಕ್ಕೆ ಅಂಗಾಂಶದ ವಾಲ್ವ್ ಹಾಕಿಸಿಕೊಂಡವಳಿಗೆ ನಲವತ್ತಕ್ಕೆ ಎರಡನೆಯದು, ಐವತ್ತೈದರ ಸುಮಾರಿಗೆ ಮೂರನೆಯದು ಬೇಕಾಗಬಹುದು. ಎರಡನೆಯದನ್ನು ಕ್ಯಾತಿಟರಿನಿಂದ ಹಾಕಿದರೆ ಬಾಯಿ ಆಗಲೇ ಕಿರಿದಾಗಿರುತ್ತದೆ, ಮೂರನೆಯದಕ್ಕೆ ಒಳಗೆ ಜಾಗ ಸಾಲದು. ಆಗ ಐವತ್ತೈದರಲ್ಲಿ, ಮೈ ಸೋತ ಮೇಲೆ, ಎರಡು ವಾಲ್ವ್‌ಗಳನ್ನು ಒಟ್ಟಿಗೆ ಕೀಳುವ ಸರ್ಜರಿ. ಅದರ ಬದಲು ನಲವತ್ತರಲ್ಲಿ, ಮೈಯಲ್ಲಿ ಕಸುವಿರುವಾಗಲೇ, ಎದೆ ತೆರೆದು ಆದಷ್ಟು ದೊಡ್ಡ ಗಾತ್ರದ ಅಂಗಾಂಶದ ವಾಲ್ವ್ ಹಾಕಿ, ಕ್ಯಾತಿಟರನ್ನು ಐವತ್ತೈದಕ್ಕೆ ಕಾದಿಡುವುದು ಮೇಲು ಎನ್ನುವವರಿದ್ದಾರೆ. ಮೊದಲನೆಯದೇ 25 ಮಿಲಿಮೀಟರಿನದಾಗಿದ್ದರೆ ಅವರ ವಾದಕ್ಕೆ ಬಲ ಹೆಚ್ಚು, 31ರದ್ದಾಗಿದ್ದರೆ ಕಡಿಮೆ.